ಸ್ವಿಂಗ್ ಲಯದಲ್ಲಿ ಮಾರಿಯೋ: ಮಂಡ್ಯ ಜಿಲ್ಲೆಯ ಕಾಲಮಾನದ ಹಿನ್ನೆಲೆಯಲ್ಲಿ ಒಂದು ಶಾಸ್ತ್ರೀಯ ವಿವೇಚನೆ

ಎರಡು ಸಮಾನ ಸ್ವರಗಳ ಪೈಕಿ ಮೊದಲನೆಯದನ್ನು ಕೊಂಚ ಎಳೆದು, ಎರಡನೆಯದನ್ನು ಕೊಂಚ ತಡವಾಗಿ ನುಡಿಸುವ ಕ್ರಮಕ್ಕೆ ಜಾಸ್ ಸಂಗೀತದಲ್ಲಿ ಸ್ವಿಂಗ್ ಎನ್ನುತ್ತಾರೆ. ಪಠ್ಯಗಳ ಪ್ರಕಾರ ಈ ಎಳೆತದ ಪ್ರಮಾಣ ಸುಮಾರು ಎರಡಕ್ಕೆ ಒಂದು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ತಿಶ್ರದ ಮೂರು ಮಾತ್ರೆಗಳಲ್ಲಿ ಎರಡನ್ನು ಮೊದಲ ಸ್ವರವೇ ನುಂಗುತ್ತದೆ. ಉಳಿದ ಒಂದರಲ್ಲಿ ಎರಡನೆಯ ಸ್ವರ ಬಂದು ಹಾಜರಿ ಹಾಕುತ್ತದೆ. ಈ ತಡವನ್ನು ಲೋಪವೆಂದು ಎಣಿಸದೆ ಕಲೆಯೆಂದು ಗೌರವಿಸುವ ಪದ್ಧತಿ ಅಮೆರಿಕದಲ್ಲಿ 1930ರ ದಶಕದಲ್ಲಿ ಜನಪ್ರಿಯವಾಯಿತು. ಮಂಡ್ಯ ಜಿಲ್ಲೆಯಲ್ಲಿ ಅದು ಯಾವಾಗ ಆರಂಭವಾಯಿತೆಂದು ನಿರ್ಣಯಿಸುವುದು ಕಷ್ಟ. ಸಂಬಂಧಪಟ್ಟ ಕಡತ ಇನ್ನೂ ಬರಬೇಕಾಗಿದೆ.

ವಿಡಿಯೋ ಗೇಮ್‌ನ ಸಂಗೀತವನ್ನು ಈ ಲಯಕ್ಕೆ ಹೊಂದಿಸುವುದು ಈಗ ಮಾನ್ಯತೆ ಪಡೆದ ವಿದ್ಯೆ. 2022ರ ಗ್ರ್ಯಾಮಿ ಸಮಾರಂಭದಲ್ಲಿ ‘ದ 8-ಬಿಟ್ ಬಿಗ್ ಬ್ಯಾಂಡ್’ ನುಡಿಸಿದ, ಕಿರ್ಬಿ ಆಟದ ಒಂದು ಸಂಗೀತಭಾಗದ ಜಾಸ್ ರೂಪಾಂತರಕ್ಕೆ ವಾದ್ಯಸಂಯೋಜನೆಯ ಪ್ರಶಸ್ತಿ ದೊರೆಯಿತು. ಅದೇ ಸಮಾರಂಭದಲ್ಲಿ ಬೆಂಗಳೂರಿನ ರಿಕ್ಕಿ ಕೇಜ್ ಅವರಿಗೂ ಪ್ರಶಸ್ತಿ ಬಂದದ್ದರಿಂದ ಕನ್ನಡಿಗರ ಗಮನ ಸಹಜವಾಗಿ ಅತ್ತ ಹೋಯಿತು. ಮರುವರ್ಷ, 1985ರಲ್ಲಿ ಕೋಜಿ ಕೊಂಡೋ ರಚಿಸಿದ ‘ಸೂಪರ್ ಮಾರಿಯೋ ಬ್ರದರ್ಸ್’ನ ಮುಖ್ಯ ಸಂಗೀತವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಧ್ವನಿಮುದ್ರಣ ಪಟ್ಟಿಗೆ ಸೇರಿಸಿಕೊಂಡಿತು. ಇವೆಲ್ಲ ಶ್ಲಾಘನೀಯವೇ. ಆದರೆ ಆ ಕಲಾವಿದರು ತಡಮಾಡುವುದನ್ನು ಅಭ್ಯಾಸದಿಂದ ಕಲಿತವರು. ಸಂಸ್ಕಾರದಿಂದಲೇ ಪಡೆದವರ ನಡುವೆ ಈ ಕೃತಿಯನ್ನು ಇಟ್ಟು ಪರೀಕ್ಷಿಸುವುದು ಶಾಸ್ತ್ರದೃಷ್ಟಿಯಿಂದ ಅಗತ್ಯ.

ಮೊದಲಿಗೆ ವಾದ್ಯದ ಲಕ್ಷಣ. 1990ರ ದಶಕದಲ್ಲಿ ಟಿವಿಗೆ ಸಿಕ್ಕಿಸಿ ಆಡುವ ನಿಂಟೆಂಡೋ ಯಂತ್ರದ ನಕಲುಗಳು ನಮ್ಮ ಕಡೆಗೂ ಬಂದವು. ಒಂದು ಕ್ಯಾಸೆಟ್ಟಿನಲ್ಲಿ 9999 ಆಟಗಳಿವೆಯೆಂದು ಮೇಲೆ ಅಚ್ಚಾಗಿರುತ್ತಿತ್ತು. ಒಳಗಿರುತ್ತಿದ್ದ ಕೆಲವೇ ಆಟಗಳಲ್ಲಿ ಮಾರಿಯೋ ಮಾತ್ರ ತಪ್ಪುತ್ತಿರಲಿಲ್ಲ. ಆಟ ಶುರುವಾಗದಿದ್ದರೆ ಕ್ಯಾಸೆಟ್ಟಿನ ತಳಕ್ಕೆ ಬಾಯಿಟ್ಟು ಊದಬೇಕು. ಆದಕಾರಣ ಇದು ಸುಷಿರವಾದ್ಯ. ಊದಿಯೂ ಪ್ರಯೋಜನವಾಗದಿದ್ದಾಗ ಟಿವಿಯ ತಲೆಗೆ ತಟ್ಟುತ್ತಿದ್ದುದರಿಂದ ಘನವಾದ್ಯದ ಗುಣವನ್ನೂ ಅಲ್ಲಗಳೆಯುವಂತಿಲ್ಲ.

ಮೂಲ ಯಂತ್ರದ ಶಬ್ದವಿಭಾಗದಲ್ಲಿ ಐದು ದನಿಗಳಿವೆ: ರಾಗವೆತ್ತಲು ಚೌಕಾಕಾರದ ಅಲೆಯವು ಎರಡು, ಕೆಳಸ್ಥಾಯಿಗೆ ತ್ರಿಕೋನಾಕಾರದ್ದು ಒಂದು, ಬರಿಯ ಸದ್ದಿನದು ಒಂದು, ಮುದ್ರಿತ ಧ್ವನಿಯ ತುಣುಕಿಗೆ ಮತ್ತೊಂದು. ಮದ್ದೂರು ಕಡೆಯ ಛತ್ರದಲ್ಲಿ ಮದುವೆಯ ಓಲಗದವರು ಜಮಖಾನೆಯ ಮೇಲೆ ಕುಳಿತಾಗ ಎಣಿಸಿ ನೋಡಿ: ನಾಗಸ್ವರ ಎರಡು, ಶ್ರುತಿ ಒಂದು, ಡೋಲು ಒಂದು, ತಾಳ ಒಂದು. ಜಪಾನಿನ ಎಂಜಿನಿಯರುಗಳು ಯಾವ ಮದುವೆಗೆ ಬಂದಿದ್ದರು, ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಎಂಬುದಷ್ಟೇ ಸಂಶೋಧನೆಗೆ ಉಳಿದಿರುವ ವಿಷಯ. ಸ್ವಿಂಗ್‌ಗೆ ಬೇಕಾದ ಸ್ಯಾಕ್ಸೋಫೋನಿನ ಕೊರತೆಯೂ ಇಲ್ಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯವನ್ನು ಕಂಡು ಮನಸೋತ ಕದ್ರಿ ಗೋಪಾಲನಾಥರು ಅದನ್ನು ನಾಗಸ್ವರದ ಪಕ್ಕದಲ್ಲಿ ಕೂರಿಸಿ ದಶಕಗಳೇ ಕಳೆದಿವೆ.

ಇನ್ನು ಲಯವಿಚಾರ. ಮಾರಿಯೋ ಇಟ್ಟಿಗೆಗೆ ಗುದ್ದಿದ ಕ್ಷಣದಲ್ಲೇ ನಾಣ್ಯ ಬರುತ್ತದೆ. ಜೊತೆಗೆ ಎರಡು ಸ್ವರಗಳ ಕಿರುನಾದ ಕೇಳುತ್ತದೆ. ದುಡಿಮೆಗೂ ಕಾಸಿಗೂ ನಡುವೆ ಅವಕಾಶವೇ ಇಲ್ಲ. ಇಂಥ ಆಟವನ್ನು ಮೊದಲ ಬಾರಿ ಕಂಡ ಕಬ್ಬು ಬೆಳೆಗಾರರೊಬ್ಬರು ಮೊಮ್ಮಗನನ್ನು ಕೇಳುವ ಪ್ರಶ್ನೆ ಒಂದೇ: “ಗುದ್ದಿದ್ ತಕ್ಷಣ ಕಾಸ್ ಉದುರ್ತದಲ್ಲ, ಇದ್ಯಾವ್ ಫ್ಯಾಕ್ಟ್ರಿಲಾ ಮಗಾ?” ಕೃತಿಯ ಮೂಲದೋಷವನ್ನು ಇದಕ್ಕಿಂತ ಸಂಕ್ಷಿಪ್ತವಾಗಿ ಯಾವ ವಿಮರ್ಶಕರೂ ಹೇಳಿಲ್ಲ.

ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ತಲೆಯೆತ್ತಿದ್ದು 1933ರಲ್ಲಿ. ಅಂದಿನಿಂದ ಈ ಸೀಮೆಯ ಕಿವಿ ಒಂದು ನಿರ್ದಿಷ್ಟ ನಡೆಗೆ ಪಳಗಿದೆ. ಕಬ್ಬು ಕಡಿದು ಗಾಡಿಗೆ ಹೇರಿ ಕಳಿಸುವುದು ಮೊದಲ ಸ್ವರ. ದುಡ್ಡು ಕೈಸೇರುವುದು ಎರಡನೆಯದು. 1966ರ ಕಬ್ಬು ನಿಯಂತ್ರಣ ಆದೇಶವು ಇವೆರಡರ ನಡುವಿನ ಅಂತರವನ್ನು 14 ದಿನವೆಂದು ಗೊತ್ತುಪಡಿಸಿದೆ. ಇದು ಬರೆದಿಟ್ಟ ಸ್ವರಲಿಪಿ. ನುರಿತ ಜಾಸ್ ಕಲಾವಿದ ಸ್ವರಲಿಪಿಯನ್ನು ಇದ್ದದ್ದು ಇದ್ದಂತೆ ನುಡಿಸುವುದಿಲ್ಲ. ನುರಿತ ಕಾರ್ಖಾನೆಯೂ ಅಷ್ಟೆ. ಹದಿನಾಲ್ಕನೆಯ ದಿನ ಕಳೆದು, ಹಬ್ಬ ಕಳೆದು, ಮಗಳ ಮದುವೆಯ ಮುಹೂರ್ತ ಕಳೆದು, ಮೊಮ್ಮಗನಿಗೆ ಹೆಸರಿಡುವ ಹೊತ್ತಿಗೆ ಎರಡನೆಯ ಸ್ವರ ಬಂದು ಕೂರುವುದೂ ಉಂಟು. ಸಮೀಪದ ಆಲೆಮನೆಗೆ ಕಬ್ಬು ಹಾಕಿದವರು ಕಾಸನ್ನು ಬೇಗ ಎಣಿಸಿಕೊಳ್ಳುತ್ತಾರೆ. ಅವರ ಲಯಜ್ಞಾನ ಚತುರಶ್ರದಲ್ಲೇ ನಿಂತುಹೋಗಿದೆ ಎಂಬುದು ವಿದ್ವಾಂಸರ ಕೊರಗು.

ಆದ್ದರಿಂದ ಮಂಡ್ಯದ ಸ್ವಿಂಗ್ ರೂಪಾಂತರದಲ್ಲಿ ನಾಣ್ಯದ ನಾದವನ್ನು ಗುದ್ದಿನಿಂದ ಬಿಡಿಸಬೇಕು. ಮಾರಿಯೋ ಗುದ್ದಲಿ. ಅವನಿಗೊಂದು ಚೀಟಿ ಸಿಗಲಿ. ಅವನು ಮುಂದಿನ ಹಂತಗಳನ್ನು ದಾಟಿ, ರಾಜಕುಮಾರಿಯನ್ನು ಬಿಡಿಸಿಕೊಂಡು, ಜಿಲ್ಲಾಧಿಕಾರಿ ಕಚೇರಿಯ ಮುಂದೆ ಎರಡು ದಿನ ಕುಳಿತ ಬಳಿಕ ಮೊದಲ ನಾಣ್ಯದ ನಾದ ಕೇಳಲಿ. ನೂರು ನಾಣ್ಯಕ್ಕೆ ಒಂದು ಹೆಚ್ಚುವರಿ ಜೀವ ಎಂಬುದು ಆಟದ ನಿಯಮ. ನಾಣ್ಯ ತಡವಾದಾಗ ಜೀವದ ಗತಿಯೇನು ಎಂಬುದಕ್ಕೆ ಮೂಲಕೃತಿಯಲ್ಲಿ ಉತ್ತರವಿಲ್ಲ, ಜಿಲ್ಲೆಯಲ್ಲಿ ಇದೆ.

ಗತಿ ಹೆಚ್ಚಿದಂತೆ ಸ್ವಿಂಗ್‌ನ ಎಳೆತ ಕುಗ್ಗಿ ಎರಡೂ ಸ್ವರಗಳು ಸಮಕ್ಕೆ ಬರುತ್ತವೆ ಎಂಬುದು ಅಳೆದು ಕಂಡ ಸತ್ಯ. ಚುನಾವಣೆಯ ವರ್ಷಗಳಲ್ಲಿ ಇಲ್ಲಿಯೂ ಹಾಗೆಯೇ.

ಶೀಘ್ರಗತಿಗೆ ಸಂಬಂಧಿಸಿದ ಇನ್ನೊಂದು ಅಂಶವನ್ನು ಬಿಡುವಂತಿಲ್ಲ. ಆಟದ ಗಡಿಯಾರ ನೂರಕ್ಕಿಂತ ಕೆಳಗಿಳಿದೊಡನೆ ಮಾರಿಯೋ ಸಂಗೀತ ಹಠಾತ್ತನೆ ಓಡತೊಡಗುತ್ತದೆ. ಕೊಂಡೋ ಅವರ ಆವಿಷ್ಕಾರವೆಂದು ಹೊರಗಿನವರು ಕೊಂಡಾಡುವ ಈ ತಂತ್ರಕ್ಕೆ ನಮ್ಮಲ್ಲಿ ಗಟ್ಟಿಮೇಳ ಎನ್ನುತ್ತಾರೆ. ಪುರೋಹಿತರು ಬೆರಳೆತ್ತಿದೊಡನೆ ಡೋಲು, ನಾಗಸ್ವರಗಳು ರಾಗದ ಹಂಗು ತೊರೆದು ಮುಗಿಬೀಳುತ್ತವೆ, ಅಕ್ಷತೆ ಹಾರುತ್ತದೆ, ಅಷ್ಟರಲ್ಲಿ ಅರ್ಧ ಜನ ಊಟದ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಾಗಿರುತ್ತದೆ. ಮದ್ದೂರಿಗೆ ಈ ಗತಿ ಹಳೆಯ ಪರಿಚಯ. 1917ರಲ್ಲಿ ಅಲ್ಲಿನ ರೈಲು ನಿಲ್ದಾಣದಲ್ಲಿ ರೈಲು ಎಂದಿಗಿಂತ ಬೇಗ ಬಂದುಬಿಟ್ಟಿತೆಂದೂ, ಪಕೋಡ ಮಾಡಲು ಪುರುಸೊತ್ತಿಲ್ಲದೆ ರಾಮಚಂದ್ರ ಬುದ್ಯರು ಹಿಟ್ಟನ್ನು ತಟ್ಟಿ ಕರಿದರೆಂದೂ ಪ್ರತೀತಿ. ಹೊತ್ತಿಗೆ ಮುಂಚೆ ಬಂದ ಸರ್ಕಾರಿ ಸೌಲಭ್ಯದ ಈ ನಿದರ್ಶನ ಜನರಲ್ಲಿ ಎಷ್ಟು ವಿಸ್ಮಯ ಹುಟ್ಟಿಸಿತೆಂದರೆ, ಅದರ ಸ್ಮರಣಾರ್ಥ ವಡೆಯನ್ನು ಇಂದಿಗೂ ತಿನ್ನಲಾಗುತ್ತಿದೆ.

ಮಳವಳ್ಳಿಯಲ್ಲಿ ಪ್ರಯೋಗಕ್ಕೆ ತೊಡಕುಗಳಿವೆ. ಮಾರಿಯೋ ನೀರಿನೊಳಗೆ ಈಜುವ ಹಂತದ ಸಂಗೀತ ಮೂರು ಎಣಿಕೆಯ ವಾಲ್ಟ್ಜ್. ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ಕಡೆ ಭಾಗ ಮಳವಳ್ಳಿ. ಕಟ್ಟುಪದ್ಧತಿಯಲ್ಲಿ ನೀರು ಬಿಟ್ಟಾಗ ಮೇಲ್ಭಾಗದವರು ವಾಲ್ಟ್ಜ್ ಮುಗಿಸಿ ಭತ್ತ ನಾಟಿಗೆ ಇಳಿದಿರುತ್ತಾರೆ. ಇಲ್ಲಿನವರು ಮೊದಲ ಎಣಿಕೆಗಾಗಿ ತೂಬಿನ ಬಳಿ ಕಾಯುತ್ತಿರುತ್ತಾರೆ. ಹೀಗಾಗಿ ಈ ತಾಲ್ಲೂಕಿನಲ್ಲಿ ಆ ಹಂತವನ್ನು ಒಣಭೂಮಿಯಲ್ಲೇ ಈಜಿ ತೋರಿಸಬೇಕಾಗುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಮಳವಳ್ಳಿ ಸೀಮೆಗೆ ಇರುವ ಪರಂಪರೆ ಬೇರಾರಿಗೂ ಇಲ್ಲ. ಈ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದಿಸಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ಸಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ದೀಪಗಳು ಹತ್ತಿದವು. ಕಂಬಗಳ ಕೆಳಗೆ ಎಮ್ಮೆ ಮೇಯಿಸುತ್ತಿದ್ದವರ ಹಟ್ಟಿಗಳಿಗೆ ಅದು ಬಂದದ್ದು ಆಮೇಲೆ. ಮೊದಲ ಸ್ವರ ದೀರ್ಘ, ಎರಡನೆಯದು ತಡ: ಸ್ವಿಂಗ್‌ನ ಇಷ್ಟು ಶುದ್ಧವಾದ ಉದಾಹರಣೆ ನ್ಯೂ ಆರ್ಲಿಯನ್ಸ್‌ನಲ್ಲೂ ಸಿಗುವುದು ಅನುಮಾನ. ಈಗ ಪಂಪ್‌ಸೆಟ್ಟಿನವರಿಗೆ ತ್ರೀಫೇಸ್ ಸಿಗುವುದು ಹಲವೆಡೆ ರಾತ್ರಿ ಹೊತ್ತು. ಮೂರು ಫೇಸುಗಳೂ ಒಂದರಿಂದೊಂದು ಸಮಾನ ಅಂತರದಲ್ಲಿ ಹಿಂದೆ ಬೀಳುವುದರಿಂದ ಇದನ್ನು ತಿಶ್ರ ನಡೆಯ ಸರ್ಕಾರಿ ಸರಬರಾಜು ಎಂದೇ ಪರಿಗಣಿಸಬೇಕು. ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ ಸೆಕೆಂಡಿಗೆ 100 ಕಂಪನ. ಸರಿಸುಮಾರು ಐದು ಮನೆ ಶ್ರುತಿ. ತಂಬೂರಿಯ ವೆಚ್ಚ ಉಳಿಯಿತು. ಕಾರ್ಯಕ್ರಮವನ್ನು ರಾತ್ರಿ ಎರಡು ಗಂಟೆಗೆ, ಗದ್ದೆಯ ಬದುವಿನ ಮೇಲೆ, ಟಾರ್ಚು ಹಿಡಿದ ಶ್ರೋತೃಗಳ ಸಮ್ಮುಖದಲ್ಲಿ ನಡೆಸುವುದು ಉಚಿತ. ಹಾವುಗಳಿಗೆ ಪ್ರವೇಶ ಮುಕ್ತವಿದೆ.

ಪ್ರಯೋಗಕ್ಕೆ ಒಪ್ಪುವ ಓಲಗದವರಿಗೆ ಸಂಭಾವನೆ ಕುರಿತು ಒಂದು ಸೂಚನೆ. ಅವರು ವೀಳ್ಯದ ಜೊತೆಗೇ ಮುಂಗಡ ಕೇಳುವವರು. ಬಾಕಿಯನ್ನು ಬೀಗರ ಊಟದ ಮೊದಲೇ ಎಣಿಸಿಕೊಳ್ಳುವವರು. ಸ್ವಿಂಗ್‌ನ ಮಹತ್ವವನ್ನು ಎಷ್ಟೇ ವಿವರಿಸಿದರೂ ಈ ವಿಷಯದಲ್ಲಿ ಅವರು ಕಾಲಪ್ರಮಾಣ ಬಿಟ್ಟುಕೊಡುವುದಿಲ್ಲ. ಕಬ್ಬು ಬೆಳೆಗಾರರಿಗೆ ಈ ಅನುಕೂಲ ಇಲ್ಲದಿದ್ದರೂ ಕಾನೂನಿನಲ್ಲಿ ಅವರಿಗಾಗಿ ಒಂದು ಸಾಲಿದೆ: 1966ರ ಅದೇ ಆದೇಶದ ಪ್ರಕಾರ, 14 ದಿನ ಮೀರಿದ ಕಬ್ಬಿನ ಬಾಕಿಗೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಿಸಿ ಕೊಡತಕ್ಕದ್ದು. ಆ ಸಾಲಿಗೆ ರಾಗ ಹಾಕಬಲ್ಲವರು ಮುಂದೆ ಬರಬೇಕೆಂದು ಕೋರಲಾಗಿದೆ.