ಹಿಂದಿನ ತಾರೀಖಿನಿಂದ ಜಾರಿ

ಯಲಬುರ್ಗಾ ಕಡೆ ಸರ್ಕಾರಿ ನೌಕರನೊಬ್ಬ ಅಮಾನತಾದ ಅಂದರೆ ಯಾರೂ ಗಾಬರಿಯಾಗುವುದಿಲ್ಲ. ಮನೆಯಲ್ಲಿ ಕೂತು ಅರ್ಧ ಪಗಾರ ಎಣಿಸುತ್ತಾನೆ, ಮುಂದೂಡಿದ್ದ ಮಗಳ ಮದುವೆ ಮುಗಿಸುತ್ತಾನೆ, ಆದೇಶ ರದ್ದಾದ ಮೇಲೆ ಮೊದಲಿಗಿಂತ ಮೆತ್ತನೆಯ ಕುರ್ಚಿಗೆ ಬರುತ್ತಾನೆ. ಹಾಗಾಗಿ ಅಮೆರಿಕದ ಬೇಸ್‌ಬಾಲ್ ಆಟಗಾರರ ಸುದ್ದಿ ಓದಿದಾಗೆಲ್ಲ ನನಗೆ ಅಯ್ಯೋ ಪಾಪ ಅನಿಸುತ್ತದೆ. ಮದ್ದು ತಿಂದು ಸಿಕ್ಕಿಬಿದ್ದರೆ ಮೊದಲ ಸಲ 80 ಪಂದ್ಯ ಹೊರಗೆ. ಎರಡನೇ ಸಲ 162, ಅಂದರೆ ಇಡೀ ಒಂದು ಸೀಸನ್. ಮೂರನೇ ಸಲ ಕಾಯಂ ಮನೆಗೆ. ಅಷ್ಟೂ ದಿನ ಪಗಾರ ಇಲ್ಲ, ಅರ್ಧವೂ ಇಲ್ಲ! ಅಲ್ಲಿನ ಆಟಗಾರರ ಸಂಘ ಬಲು ಜೋರಿನದು ಎನ್ನುತ್ತಾರೆ. ಇರಬಹುದು. ನಮ್ಮ ನೌಕರರ ಸಂಘದವರನ್ನು ಒಂದು ವಾರದ ಮಟ್ಟಿಗೆ ಕಳಿಸಿಕೊಟ್ಟರೆ ಜೀವನಾಂಶ ಭತ್ಯೆ ಮಂಜೂರು ಮಾಡಿಸಿಕೊಂಡೇ ವಾಪಸ್ ಬಂದಾರು.

ಪಗಾರ ಹೋದರೂ ಅವರ ಸಬೂಬುಗಳಿಗೆ ಮಾತ್ರ ಬಡತನವಿಲ್ಲ. ಸ್ಯಾನ್ ಡಿಯೆಗೊ ತಂಡದ ಫರ್ನಾಂಡೊ ಟಾಟಿಸ್ ಜೂನಿಯರ್ 2021ರಲ್ಲಿ 14 ವರ್ಷಕ್ಕೆ 34 ಕೋಟಿ ಡಾಲರಿನ ಕರಾರು ಮಾಡಿಕೊಂಡವನು. ಮರುವರ್ಷ ಆಗಸ್ಟ್‌ನಲ್ಲಿ ಅವನ ಮೂತ್ರದಲ್ಲಿ ಕ್ಲೋಸ್ಟೆಬಾಲ್ ಎಂಬ ಸ್ಟೀರಾಯ್ಡ್ ಸಿಕ್ಕಿತು. ಏನಪ್ಪಾ ಇದು ಅಂದರೆ, ಗಜಕರ್ಣವಾಗಿತ್ತು, ಅದಕ್ಕೆ ತೆಗೆದುಕೊಂಡ ಔಷಧದಲ್ಲಿತ್ತು ಅಂದ. ಗಂಗಾವತಿ, ಕಾರಟಗಿಯ ಗದ್ದೆಗಳಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಾಟಿ ಹಚ್ಚುವ ಹೆಣ್ಣುಮಕ್ಕಳಿಗೆ ಗಜಕರ್ಣ ಹೊಸದೇನಲ್ಲ. ಟ್ಯೂಬು ಹಚ್ಚಿ ಹಚ್ಚಿ ಬೆರಳು ಸವೆದವೇ ಹೊರತು ಒಬ್ಬರೂ ಚೆಂಡನ್ನು ಕಾಲುವೆಯಾಚೆ ಹೊಡೆದ ವರದಿಯಿಲ್ಲ.

ನಮ್ಮ ದೇಶದಲ್ಲಿ ಬೇಸ್‌ಬಾಲ್ ಇಲ್ಲ, ಕ್ರಿಕೆಟ್ ಇದೆ. ದುಡ್ಡಿನ ವಿಷಯದಲ್ಲಿ ಎರಡೂ ಅಣ್ಣತಮ್ಮಂದಿರು. ಆದರೆ ಶಿಕ್ಷೆಯ ವಿಷಯದಲ್ಲಿ ನಮ್ಮ ಕ್ರಿಕೆಟ್ ಮಂಡಳಿಯ ಬುದ್ಧಿಯ ಮುಂದೆ ಅಮೆರಿಕ ಇನ್ನೂ ಅಂಗನವಾಡಿಯಲ್ಲಿದೆ. 2019ರ ಫೆಬ್ರುವರಿ 22ರಂದು ಇಂದೋರಿನಲ್ಲಿ ಪೃಥ್ವಿ ಶಾ ಮೂತ್ರದ ಮಾದರಿ ಕೊಟ್ಟರು. ಟರ್ಬುಟಲಿನ್ ಸಿಕ್ಕಿತು. ಕೆಮ್ಮಿನ ಸಿರಪ್ ಕುಡಿದಿದ್ದೆ ಎಂದರು, ಮಂಡಳಿ ನಂಬಿತು. ನಂಬಲಿ ಬಿಡಿ, ಹತ್ತೊಂಬತ್ತರ ಹುಡುಗ, ಕೆಮ್ಮು ಯಾರನ್ನು ಬಿಟ್ಟಿದೆ? ತಮಾಷೆ ಇರುವುದು ತಾರೀಖಿನಲ್ಲಿ. ಎಂಟು ತಿಂಗಳ ಅಮಾನತು ಎಂದು ಮಂಡಳಿ ಸಾರಿದ್ದು ಜುಲೈ 30ಕ್ಕೆ, ಅದು ಜಾರಿಯಾದದ್ದು ಮಾರ್ಚ್ 16ರಿಂದ. ಆ ಮಾರ್ಚ್ ಕೊನೆಯಲ್ಲಿ ಇದೇ ಹುಡುಗ ಕೋಲ್ಕತ್ತ ವಿರುದ್ಧ 99 ರನ್ ಹೊಡೆದದ್ದನ್ನು ಕೊಪ್ಪಳದ ಮಂದಿ ಉಸಿರು ಬಿಗಿಹಿಡಿದು ಟಿವಿಯಲ್ಲಿ ನೋಡಿದ್ದರು. ನಾವು ನೋಡುತ್ತಿದ್ದದ್ದು ಅಮಾನತಾದವನ ಆಟವೆಂದು ನಮಗೂ ಗೊತ್ತಿರಲಿಲ್ಲ, ಆಡುತ್ತಿದ್ದವನಿಗೂ ಗೊತ್ತಿರಲಿಲ್ಲ. ಐಪಿಎಲ್ ಮುಗಿಯಿತು, ಶಿಕ್ಷೆಯ ಎರಡು ತಿಂಗಳೂ ಜೊತೆಗೇ ಸಂದವು.

ಯೂಸುಫ್ ಪಠಾಣ್ ಪ್ರಕರಣ ಇದಕ್ಕಿಂತ ಚೊಕ್ಕ. ಮದ್ದು ಅದೇ, ಸಿರಪ್ಪಿನ ಕಥೆಯೂ ಅದೇ. ಐದು ತಿಂಗಳ ಅಮಾನತೆಂದು ಘೋಷಿಸಿದ್ದು 2018ರ ಜನವರಿ 9ಕ್ಕೆ, ಮುಗಿದದ್ದು ಜನವರಿ 14ಕ್ಕೆ. ಸುದ್ದಿ ಕುಷ್ಟಗಿ ಮುಟ್ಟಿ, ಹೆಂಗಸರು ಸಂಕ್ರಾಂತಿಯ ಎಳ್ಳು ಹುರಿದಿಡುವುದರೊಳಗೆ ಶಿಕ್ಷೆಯೂ ತೀರಿತ್ತು. ಮಂಡಳಿ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದ, ಅಂದರೆ ನಾಡಾದ ಕೈಕೆಳಗೆ ಬರಲು ಒಪ್ಪಿದ್ದು 2019ರ ಆಗಸ್ಟ್‌ನಲ್ಲಿ. ಅಲ್ಲಿಯತನಕ ಆಟಗಾರನೂ ಅವರವನೇ, ಪಂಚಾಯ್ತಿಯೂ ಅವರದೇ, ತಾರೀಖು ಬರೆಯುವ ಪೆನ್ನೂ ಅವರದೇ.

ಆ ಪೆನ್ನು ಓಟಗಾರರ ಪಾಲಿಗೆ ಸಿಗಲಿಲ್ಲ. ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ರಿಲೇಯಲ್ಲಿ ಚಿನ್ನ ತಂದರು, ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 400 ಮೀಟರ್ ಹರ್ಡಲ್ಸ್‌ನಲ್ಲೂ ಚಿನ್ನ ತಂದರು. ಮಂತ್ರಿಗಳು ಸಾಲುಗಟ್ಟಿ ಶಾಲು ಹೊದಿಸಿದರು. ಮರುವರ್ಷ ಗೆಳತಿಯರೊಂದಿಗೆ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್ ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ತಿಂದಿದ್ದೆವು ಎಂದರು. ಕೋಚ್ ಕೆಲಸ ಹೋಯಿತು. ನಾಡಾದ ಸಮಿತಿ ಒಂದು ವರ್ಷ ಹೊರಗಿಟ್ಟಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟಕ್ಕೆ ಅದು ಸಾಲದೆನಿಸಿ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು, 2012ರಲ್ಲಿ ಒಂದು ವರ್ಷ ಎರಡಾಯಿತು, ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಕೊಡಗಿನ ಎಂ.ಆರ್. ಪೂವಮ್ಮ 2021ರಲ್ಲಿ ಸಿಕ್ಕಿಬಿದ್ದಾಗ ಮೊದಲು ಮೂರು ತಿಂಗಳೆಂದರು, ಮೇಲ್ಮನವಿಯಲ್ಲಿ ಎರಡು ವರ್ಷವೆಂದರು. ಕ್ರಿಕೆಟ್ಟಿಗನ ಶಿಕ್ಷೆ ಹಿಂದಕ್ಕೆ ಓಡುತ್ತದೆ, ಓಡುವವರ ಶಿಕ್ಷೆ ಮುಂದಕ್ಕೆ ಬೆಳೆಯುತ್ತದೆ.

ಇವರೆಲ್ಲರಿಗಿಂತ ನಮ್ಮ ಎತ್ತುಗಳು ಸಾಚಾ. ಕಾರಹುಣ್ಣಿಮೆಯಲ್ಲಿ ಕರಿ ಹರಿಯುವ ಮುನ್ನ ಗೊಟ್ಟದಲ್ಲಿ ತತ್ತಿ, ಅರಿಶಿಣ, ಎಣ್ಣೆ ಕಲಸಿ ಬೀದಿಯಲ್ಲೇ, ಊರೆದುರಿಗೇ ಎತ್ತಿನ ಗಂಟಲಿಗೆ ಇಳಿಸುತ್ತಾರೆ. ಗೆದ್ದ ಎತ್ತು ಮೂತ್ರವನ್ನೂ ಬೀದಿಯಲ್ಲೇ ಕೊಡುತ್ತದೆ, ಯಾರು ಬೇಕಾದರೂ ಹಿಡಿದುಕೊಳ್ಳಬಹುದು.

ಮನುಷ್ಯರು ಹಾಗೆ ಕೊಡುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ನಾಡಾದವರು ಬಂದರೆಂದು ಗೊತ್ತಾಗಿದ್ದೇ ತಡ, ಗಂಡಸರ 100 ಮೀಟರ್ ಫೈನಲ್‌ನಲ್ಲಿ ಓಡಲು ಉಳಿದವನು ಒಬ್ಬನೇ. ಸ್ಟೀಪಲ್‌ಚೇಸ್ ಓಡಿದ ಹುಡುಗಿಯೊಬ್ಬಳು ಗೆರೆ ದಾಟಿದ ಮೇಲೂ ನಿಲ್ಲದೆ ಓಡುತ್ತಲೇ ಹೋದಳು, ಅಧಿಕಾರಿ ಹಿಂದೆ. ಅಂದು ಎಲ್ಲರೂ ತಮ್ಮ ಅತ್ಯುತ್ತಮ ವೇಗದಲ್ಲಿ ಓಡಿದ್ದು ಗೇಟಿನ ಕಡೆಗೆ. ವಿಶ್ವ ಉದ್ದೀಪನ ಮದ್ದು ತಡೆ ಘಟಕದ, ಅಂದರೆ ವಾಡಾದ 2024ರ ಲೆಕ್ಕದಲ್ಲಿ ಭಾರತ ಕೊಟ್ಟ 7,113 ಮಾದರಿಗಳಲ್ಲಿ 260 ಕೆಟ್ಟವು. ಹೆಚ್ಚು ಪರೀಕ್ಷೆ ನಡೆಸುವ ದೇಶಗಳ ಪೈಕಿ ಪ್ರಮಾಣದಲ್ಲಿ ನಮಗೇ ಮೊದಲ ಸ್ಥಾನ. ಪದಕಪಟ್ಟಿಯಲ್ಲಿ ಸಿಗದ್ದು ಇಲ್ಲಿ ಸಿಕ್ಕಿದೆ, ಶಾಲು ತಂದವರು ಮಾತ್ರ ಇನ್ನೂ ಯಾರೂ ಇಲ್ಲ.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ಗಂಗಾವತಿಯ ಒಂದು ಜಿಮ್ಮಿಗೆ ಹೋದೆ. ಗಾಜಿನ ಕಪಾಟಿನಲ್ಲಿ ಸಾಲಾಗಿ ಡಬ್ಬಿಗಳು, ಪ್ರತಿಯೊಂದರ ಮೇಲೂ ಕುತ್ತಿಗೆಯೇ ಇಲ್ಲದ ಒಬ್ಬ ಬಿಳಿಯ. ಕಬಡ್ಡಿ ಆಡುವ ಹುಡುಗರು ಚಮಚೆಗಟ್ಟಲೆ ಪುಡಿ ನೀರಿಗೆ ಹಾಕಿ ಬಾಟಲಿ ಅಲ್ಲಾಡಿಸುತ್ತಿದ್ದರು. ಅದರಲ್ಲಿ ಏನೇನಿದೆ ಎಂದರೆ ‘ಎಲ್ಲಾ ನ್ಯಾಚುರಲ್ ಐತ್ರಿ ಅಣ್ಣಾ’ ಎಂದರು. ಪಕ್ಕದಲ್ಲಿ ಟೂರ್ನಮೆಂಟ್ ನಡೆಸುವ ಹಿರಿಯರೊಬ್ಬರು ಕೂತಿದ್ದರು.

‘ಯಜಮಾನ್ರ, ನಿಮ್ಮ ಟೂರ್ನಮೆಂಟಿಗೂ ಮೂತ್ರ ಪರೀಕ್ಷಾ ಇಟ್ರ ಹೆಂಗ್ರಿ?’

‘ಇಡಬೋದ್ರಿ. ಆಡಾವ್ರು ಯಾರು ಉಳೀತಾರ?’

‘ರೆಫರಿನಾರ ಉಳೀತಾನಲ್ರಿ.’

ಅವರು ಬಾಟಲಿಗಳತ್ತ ಒಮ್ಮೆ ನೋಡಿ, ದನಿ ತಗ್ಗಿಸಿದರು. ‘ಅಂವಂಗೂ ಒಂದ್ ವಾರದಿಂದ ಕೆಮ್ಮೈತ್ರಿ.’