ಲವಂಗ ಕಾಣೆಯಾಗಿದೆ

ಲವಂಗವನ್ನು ಅಗಿಯಬಹುದು, ಪಲಾವಿಗೆ ಹಾಕಬಹುದು, ಹಲ್ಲುನೋವು ಬಂದರೆ ಅದರ ಎಣ್ಣೆಯಲ್ಲಿ ಹತ್ತಿ ಅದ್ದಿ ದವಡೆಗೆ ಒತ್ತಿಕೊಂಡು ರಾತ್ರಿಯಿಡೀ ಮಲಗಬಹುದು. ಅದೇ ಲವಂಗ ಪ್ಯಾರಿಸ್ಸಿನ ಸೀಸೆಯಿಂದ ಇಳಿದು ಮಣಿಕಟ್ಟಿನ ಮೇಲೆ ಕೂತಿತೋ, ಅದು ಅಪಾಯಕಾರಿ ವಸ್ತು. ಹಾಗೆಂದು ತೀರ್ಮಾನಿಸುವವರು ಜಿನೀವಾದಲ್ಲಿದ್ದಾರೆ. ನಾವು ಗುಮ್ಮಳಾಪುರದಲ್ಲಿದ್ದೇವೆ.

ಗುಮ್ಮಳಾಪುರ ಎಲ್ಲಿದೆ ಎಂದು ಬೆಂಗಳೂರಿನವರು ಕೇಳುತ್ತಾರೆ. ಹೊಸೂರು ದಾಟಿ, ತಳಿಯ ಕಡೆಗೆ ಬಂದರೆ, ಕೃಷ್ಣಗಿರಿ ಜಿಲ್ಲೆಯ ಅಂಚಿನಲ್ಲಿ. ಮನೆಯಲ್ಲಿ ಕನ್ನಡ, ಅರ್ಜಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು. ಹೊರಗಿನವರಿಗೆ ಊರಿನ ಹೆಸರು ಗೊತ್ತಿದ್ದರೆ ಅದು ಕೆನೆತ್ ಆ್ಯಂಡರ್ಸನ್ 1954ರ ಪುಸ್ತಕದಲ್ಲಿ ಬರೆದ ನರಭಕ್ಷಕ ಚಿರತೆಯ ದೆಸೆಯಿಂದ. ಚಿರತೆಯ ವಾಸನೆಗೆ ಬೆಚ್ಚಿ ಬಾಗಿಲು ಹಾಕಿಕೊಂಡವರ ಮೊಮ್ಮಕ್ಕಳಿಗೆ ಸೆಂಟಿನ ವಾಸನೆಯ ಬಗ್ಗೆ ಮಾತಾಡುವ ಹಕ್ಕು ಇದ್ದೇ ಇದೆ ಎಂದುಕೊಂಡು ತಕರಾರು ಶುರುಮಾಡುತ್ತೇನೆ.

ತಕರಾರು ಇಷ್ಟೆ. ಲೋಕದ ಹೆಸರಾಂತ ಮಸಾಲೆ ಸೆಂಟುಗಳಿಂದ ಮಸಾಲೆ ಕಾಣೆಯಾಗಿದೆ. ಹೆಸರು ಅದೇ, ರಟ್ಟಿನ ಪೆಟ್ಟಿಗೆಯ ಬಣ್ಣ ಹೆಚ್ಚುಕಡಿಮೆ ಅದೇ, ಜಾಹೀರಾತಿನ ಹುಡುಗಿ ಮಾತ್ರ ಹೊಸಬಳು. ಮೂಗಿಗೆ ಬರುವುದು ಯಾವುದೋ ಒಗೆದು ಒಣಗಿಸಿದ ನೆನಪು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎನ್ನುವ ಮಾತನ್ನು ನಮ್ಮ ಹಿರಿಯರು ಫ್ರೆಂಚರನ್ನು ನೋಡದೆಯೇ ಹೇಗೆ ಹೇಳಿದರೋ.

ಈ ಕುಲದ ದೊಡ್ಡಮ್ಮ ಈವ್ ಸೇಂಟ್ ಲೋರಾನ್ ಕಂಪನಿಯ ‘ಓಪಿಯಂ’. 1977ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿತು. ಲವಂಗ, ಕಾರ್ನೇಷನ್, ರಾಳ, ಧೂಪ ಎಲ್ಲ ಸೇರಿ, ಹಚ್ಚಿಕೊಂಡವರು ಬರುವ ಮೊದಲೇ ವಾಸನೆ ಬಂದು ಕುರ್ಚಿ ಹಿಡಿಯುತ್ತಿತ್ತು. ಮರುವರ್ಷ ಅಮೆರಿಕಕ್ಕೆ ಹೋದಾಗ ನ್ಯೂಯಾರ್ಕ್ ಬಂದರಿನಲ್ಲಿ ‘ಪೀಕಿಂಗ್’ ಎಂಬ ಹಳೇ ಹಾಯಿಹಡಗಿನ ಮೇಲೆ ಭಾರಿ ಔತಣ. ಅಫೀಮು ತಂದಿಟ್ಟ ದುರ್ಗತಿಯನ್ನು ಮರೆಯದ ಚೀನೀ ಮೂಲದ ಅಮೆರಿಕನ್ನರು ಬೀದಿಗಿಳಿದು, ಈ ಹೆಸರು ತೆಗೆಯಿರಿ ಎಂದರು. ಕಂಪನಿ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ವಾಸನೆ ಬದಲಿಸಿ ಎಂದು ಒಬ್ಬನೂ ಕೇಳಿರಲಿಲ್ಲ. 2008ರಲ್ಲಿ ವ್ಯಾಪಾರ ಲೋರಿಯಲ್ ಕೈಗೆ ಹೋಯಿತು. 2009ರಲ್ಲಿ ಸೀಸೆ ಬದಲಾಯಿತು, ಸೀಸೆಯೊಳಗಿನದೂ ಬದಲಾಯಿತು. ಜನ ಬೇಡವೆಂದ ಹೆಸರು ಇವತ್ತಿಗೂ ಇದೆ, ಜನ ಬೇಕೆಂದ ವಾಸನೆ ಹೋಗಿದೆ. ಗಿರಾಕಿಯ ಮಾತಿಗೆ ಇಷ್ಟು ನಿಖರವಾಗಿ ಉಲ್ಟಾ ನಡೆಯುವುದಕ್ಕೂ ಪ್ರತಿಭೆ ಬೇಕು.

ಕಾರಣ ಕೇಳಿದರೆ ‘ಇಫ್ರಾ’ ಎನ್ನುತ್ತಾರೆ. ಅದು 1973ರಲ್ಲಿ ಸುಗಂಧ ಉದ್ಯಮದವರೇ ಸೇರಿ ಕಟ್ಟಿಕೊಂಡ ಅಂತರರಾಷ್ಟ್ರೀಯ ಪಂಚಾಯಿತಿ; ಮೊದಲು ಹೇಳಿದ ಜಿನೀವಾದವರು ಇವರೇ. ಯಾವ ಪದಾರ್ಥ ಎಷ್ಟಿರಬೇಕು, ಯಾವುದು ಇರಲೇಬಾರದು ಎಂದು ಅದು ನಿಯಮ ಹೊರಡಿಸುತ್ತದೆ. 2023ರ ಹೊತ್ತಿಗೆ 51ನೇ ತಿದ್ದುಪಡಿಗೆ ಬಂದು ನಿಂತಿತ್ತು. ಅದರ ಬೆನ್ನಿಗೆ ಯುರೋಪಿನ ಕಾನೂನು. 26 ಪದಾರ್ಥಗಳು ಅಲರ್ಜಿ ತರಬಲ್ಲವು, ಹಚ್ಚಿಕೊಳ್ಳುವ ವಸ್ತುವಿನಲ್ಲಿ ಶೇ 0.001ಕ್ಕಿಂತ ಹೆಚ್ಚಿದ್ದರೆ ಹೆಸರು ಮುದ್ರಿಸಬೇಕು ಎಂದು 2003ರಲ್ಲಿ ನಿರ್ಧಾರವಾಯಿತು. 2023ರಲ್ಲಿ ಆ ಪಟ್ಟಿ 80 ದಾಟಿತು. ಪೆಟ್ಟಿಗೆ ತಿರುಗಿಸಿ ನೋಡಿ: ಇರುವೆ ಸಾಲಿನಂಥ ಅಕ್ಷರಗಳಲ್ಲಿ ಲಿನಲೂಲ್, ಲಿಮೋನೀನ್, ಸಿನ್ನಮಾಲ್, ಯೂಜಿನಾಲ್. ಕೊನೆಯ ಎರಡು ಬೇರೆ ಯಾರೂ ಅಲ್ಲ, ನಮ್ಮ ಚಕ್ಕೆ ಮತ್ತು ಲವಂಗದ ಜೀವಾಳ. ಲವಂಗದೆಣ್ಣೆಯ ಬಹುಪಾಲು ಯೂಜಿನಾಲೇ. ಹಲ್ಲಿನ ವೈದ್ಯರ ಕೋಣೆಗೆ ಕಾಲಿಟ್ಟ ಕೂಡಲೇ ಎದೆ ಡವಗುಟ್ಟಿಸುವ ವಾಸನೆಯೂ ಅದೇ.

ನ್ಯಾಯವಾಗಿ ಹೇಳಬೇಕು. ಅಲರ್ಜಿ ಸುಳ್ಳಲ್ಲ. ಯುರೋಪಿನ ವಿಜ್ಞಾನಿಗಳ ಲೆಕ್ಕದಲ್ಲಿ ನೂರಕ್ಕೆ ಒಬ್ಬರಿಂದ ಮೂವರ ಚರ್ಮಕ್ಕೆ ಸುಗಂಧದ್ರವ್ಯ ಆಗಿಬರುವುದಿಲ್ಲ. ಒಮ್ಮೆ ಹತ್ತಿದ ಅಲರ್ಜಿ ಸಾಮಾನ್ಯವಾಗಿ ಜನ್ಮಕ್ಕಂಟಿದ್ದು. ಯೂಜಿನಾಲಿನ ತಮ್ಮ ಐಸೋಯೂಜಿನಾಲ್ ಅಣ್ಣನಿಗಿಂತ ಹೆಚ್ಚು ತುರಿಕೆಯವನು. ಕಾರ್ನೇಷನ್ ಹೂವಿನ ವಾಸನೆ ಕಟ್ಟುವುದಕ್ಕೆ ಅವನಿಲ್ಲದೆ ಆಗುವುದೂ ಇಲ್ಲ. ಬಹುಕಾಲ ಅವನಿಗೆ ಹಾಕಿದ್ದ ಮಿತಿ ಶೇ 0.02. ಎಂದರೆ 100 ಮಿಲಿಯ ಸೀಸೆಗೆ ಸುಮಾರು 20 ಮಿಲಿಗ್ರಾಂ, ಒಂದು ಹನಿಗೂ ಕಡಿಮೆ. ಇಷ್ಟರಲ್ಲಿ ಕಾರ್ನೇಷನ್ ಅರಳಿಸಿ ಎಂದರೆ ಯಾವ ಕಲಾವಿದನಾದರೂ ಏನು ಮಾಡಿಯಾನು? ಆದರೆ ನೆಲಗಡಲೆ ಆಗದವರೂ ಲೋಕದಲ್ಲಿದ್ದಾರೆ. ಅವರಿಗಾಗಿ ಪೊಟ್ಟಣದ ಮೇಲೆ ಎಚ್ಚರಿಕೆ ಮುದ್ರಿಸುತ್ತಾರೆ. ಚಿಕ್ಕಿಯಿಂದ ಕಡಲೆಯನ್ನೇ ಕಿತ್ತು ‘ಅದೇ ಚಿಕ್ಕಿ, ಹೊಸ ಅನುಭವ’ ಎಂದು ಮಾರುವುದಿಲ್ಲ.

ಇಫ್ರಾ ಇನ್ನೊಂದು ಉಪಕಾರವನ್ನೂ ಮಾಡಿದೆ. ದುಬಾರಿ ಪದಾರ್ಥ ತೆಗೆದು ಅಗ್ಗದ್ದು ಸುರಿದವರಿಗೆಲ್ಲ ಅದು ದೊಡ್ಡ ಕೊಡೆ. ಏನೇ ಕೇಳಿ, ‘ನಿಯಮ ಸಾರ್, ನಾವೇನು ಮಾಡೋಣ’ ಎಂಬ ಉತ್ತರ ಸಿದ್ಧ. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ನಾವು ದಿನಾ ಕೇಳುವ ಉತ್ತರವೇ ಇದು; ಅಲ್ಲಿ ಪರಿಮಳ ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಲವಂಗ ಕಡಿಮೆ ಮಾಡಿ ಎಂದು ನಿಯಮ ಹೇಳಿರಬಹುದು. ರೇಟು ಜಾಸ್ತಿ ಮಾಡಿ ಎಂದು ಯಾವ ತಿದ್ದುಪಡಿಯಲ್ಲಿದೆ?

ಗಂಧದ ಕತೆ ಇನ್ನೂ ಸೊಗಸು. ಗೆರ್ಲೇನ್ ಮನೆತನದವರು 1989ರಲ್ಲಿ ‘ಸಂಸಾರ’ ಎಂಬ ಸೆಂಟು ತಂದರು. ಹೆಸರೂ ನಮ್ಮದು, ಜೀವವೂ ನಮ್ಮದು: ಮೈಸೂರು ಶ್ರೀಗಂಧ. 1916ರಲ್ಲಿ ನಾಲ್ವಡಿಯವರ ಕಾಲದಲ್ಲಿ ಗಂಧದೆಣ್ಣೆ ತೆಗೆಯಲು ಶುರುಮಾಡಿದ ಸೀಮೆಗೆ ಹೆಮ್ಮೆಯ ಸಂಗತಿಯೇ. ಅಷ್ಟರಲ್ಲಿ ಕಾಡಿನಲ್ಲಿ ಮರ ಉಳಿಯಲಿಲ್ಲ. 1998ರಲ್ಲಿ ಶ್ರೀಗಂಧ ಅಂತರರಾಷ್ಟ್ರೀಯ ಅಪಾಯದ ಪಟ್ಟಿಗೆ ಸೇರಿತು, ಸಂಸಾರದಲ್ಲೂ ಗಂಧ ಕಡಿಮೆಯಾಗುತ್ತ ಬಂತು. ಈ ಗಡಿಸೀಮೆಯ ಕಾಡುಗಳಲ್ಲಿ ಗಂಧದ ಮರು-ಹಂಚಿಕೆಯನ್ನು ವಹಿಸಿಕೊಂಡಿದ್ದವನ ಹೆಸರು ವೀರಪ್ಪನ್. ಅವನನ್ನು ಹೊಗಳುವ ಉದ್ದೇಶ ನನಗಿಲ್ಲ. ಆದರೆ ತನ್ನ ನಿಲುವೇನೆಂದು ತಿಳಿಸಲು ಅವನು ಕ್ಯಾಸೆಟ್ಟನ್ನಾದರೂ ಕಳಿಸುತ್ತಿದ್ದ. ಸೆಂಟಿನ ಕಂಪನಿಗಳು ಅದನ್ನೂ ಕಳಿಸುವುದಿಲ್ಲ.

ಅವರ ಭಾಷೆಯಲ್ಲಿ ಇದಕ್ಕೆಲ್ಲ ‘ಆಧುನಿಕ ಮರುವ್ಯಾಖ್ಯಾನ’ ಎನ್ನುತ್ತಾರೆ. ಬಿಸಿಬೇಳೆಬಾತಿನ ಪುಡಿಯಿಂದ ಚಕ್ಕೆ, ಲವಂಗ, ಮರಾಠಿ ಮೊಗ್ಗು ಮೂರನ್ನೂ ತೆಗೆದು, ಗುಲಾಬಿ ಬಣ್ಣದ ಪೊಟ್ಟಣಕ್ಕೆ ಹಾಕಿ, ‘ಇಂದಿನ ಯುವತಿಗಾಗಿ’ ಎಂದು ಬರೆದರೆ ನಮ್ಮ ಮನೆಯ ಹೆಂಗಸರು ಆ ಅಂಗಡಿಗೆ ಇನ್ನೊಮ್ಮೆ ಕಾಲಿಡುವುದಿಲ್ಲ. ಪ್ಯಾರಿಸ್ಸಿನಲ್ಲಿ ಅದಕ್ಕೆ ಸರದಿ ನಿಲ್ಲುತ್ತಾರೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂಬ ಗಾದೆಯನ್ನು ಈ ಕಂಪನಿಗಳು ಗಿರಾಕಿಯನ್ನು ಅಳೆಯುವ ಸೂತ್ರ ಮಾಡಿಕೊಂಡಿವೆ. ಪಾಪ, ಕತ್ತೆಯದೇನೂ ತಪ್ಪಿಲ್ಲ. ಅಸಲಿ ಕಸ್ತೂರಿ ಅಂಗಡಿಗಳಿಂದ ಮಾಯವಾಗಿ ಎಷ್ಟೋ ಕಾಲವಾಯಿತು, ಅದರ ಬದಲಿಗೆ ಬಂದ ಮಸ್ಕ್ ಆಂಬ್ರೆಟ್ ಎಂಬ ರಾಸಾಯನಿಕವನ್ನೂ ಯುರೋಪು 1995ರಲ್ಲಿ ಹೊರಹಾಕಿತು.

ಇನ್ನೊಂದು ತಮಾಷೆ. ನಮ್ಮ ಮೆಣಸು ಲವಂಗಗಳ ಸೆಂಟುಗಳಿಗೆಲ್ಲ ಅವರು ನೂರು ವರ್ಷ ‘ಓರಿಯಂಟಲ್’ ಎಂದು ಹೆಸರಿಟ್ಟಿದ್ದರು. ಆ ಮಾತು ಪೂರ್ವದವರಿಗೆ ಅವಮಾನ ಎಂದು ಈಚೆಗೆ ಜ್ಞಾನೋದಯವಾಗಿ ‘ಆಂಬರ್’ ಎಂದು ಕರೆಯುತ್ತಿದ್ದಾರೆ. ಸಂತೋಷ. ಪೂರ್ವದ ಲವಂಗ ಹೋಯಿತು, ಗಂಧ ಹೋಯಿತು, ಹಣೆಪಟ್ಟಿಯೂ ಹೋಯಿತು. ನಮಗೆ ಸಲ್ಲಬೇಕಾದ ಗೌರವ ಪೂರ್ತಿ ಸಂದಂತಾಯಿತು.

ಈ ದುಃಖದ ನಡುವೆ ನಗಿಸುವವನು ಓಲ್ಡ್ ಸ್ಪೈಸ್ ಒಬ್ಬನೇ. 1937ರಲ್ಲಿ ಅಮೆರಿಕದ ಶಲ್ಟನ್ ಕಂಪನಿ ಇದನ್ನು ಮೊದಲು ತಂದದ್ದು ಹೆಂಗಸರಿಗಾಗಿ; ಗಂಡಸರಿಗೆ ಸಿಕ್ಕಿದ್ದು 1938ರಲ್ಲಿ. ಆಮೇಲೆ ನಮ್ಮ ಅಪ್ಪಂದಿರ ತಲೆಮಾರಿನಲ್ಲಿ ಭಾನುವಾರದ ಕ್ಷೌರಕ್ಕೂ ಮದುವೆಯ ದಿಬ್ಬಣಕ್ಕೂ ಅದೇ. ಮಿಲಿಟರಿ ಕ್ಯಾಂಟೀನಿನಲ್ಲಿ ಪರಿಚಯವಿದ್ದವನಿಗೆ ಊರಲ್ಲಿ ಒಂದು ತೂಕ ಹೆಚ್ಚು. ಹಡಗಿನ ಚಿತ್ರ, ಬಿಳಿ ಸೀಸೆ, ಕೆಂಪು ಬಿರಡೆ. ಕೆನ್ನೆಗೆ ತಟ್ಟಿಕೊಂಡರೆ ಮೊದಲು ಉರಿ, ಆಮೇಲೆ ಜಾಯಿಕಾಯಿ, ಚಕ್ಕೆ, ಲವಂಗ. 1990ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಅದನ್ನು ಕೊಂಡ ಮೇಲೆ ಅಮೆರಿಕದಲ್ಲಿ ಗಾಜು ಹೋಗಿ ಪ್ಲಾಸ್ಟಿಕ್ ಬಂತು. ಹಳೆಯದರ ರುಚಿ ಕಂಡವರು ಇದು ಅದಲ್ಲ ಎಂದು ಗೊಣಗಿದರು. ಗೊಣಗಿ ಸುಮ್ಮನಾಗದೆ, ಗೋವಾದಲ್ಲಿ ಲೈಸೆನ್ಸಿನ ಮೇಲೆ ತಯಾರಾಗುತ್ತಿದ್ದ ಭಾರತದ ಗಾಜಿನ ಸೀಸೆಯನ್ನು ಹುಡುಕಿ ತರಿಸಿಕೊಳ್ಳತೊಡಗಿದರು; ಹಳೇ ಶಲ್ಟನ್ನಿಗೆ ಹತ್ತಿರವಾದದ್ದು ಇದೇ ಎಂಬುದು ಅವರ ವಾದ. ಮಲಬಾರಿನಿಂದ ಮೆಣಸು ಹೊತ್ತ ಹಡಗುಗಳು ಪಡುವಣಕ್ಕೆ ಹೋದ ಕಾಲ ಮುಗಿಯಿತು ಎಂದುಕೊಂಡಿದ್ದೆವು. ಈಗ ಅಮೆರಿಕನ್ನನೊಬ್ಬ ತನ್ನ ತಾತನ ವಾಸನೆಯನ್ನು ನಮ್ಮಿಂದ ಪಾರ್ಸೆಲ್ ತರಿಸಿಕೊಳ್ಳುತ್ತಾನೆ.

ನಮ್ಮ ಹೊಸೂರನ್ನೂ ಬಿಡುವಂತಿಲ್ಲ. ಫೆಬ್ರುವರಿ ಹದಿನಾಲ್ಕು ಬಂತೆಂದರೆ ಹೊಸೂರು, ತಳಿ ಸುತ್ತಲಿನ ಪಾಲಿಹೌಸುಗಳಿಂದ ವಿಮಾನ ಹತ್ತಿ ಹೋಗುವ ಕೆಂಪು ಗುಲಾಬಿಯನ್ನು ಮೂಸಿ ನೋಡಿದ್ದೀರಾ? ಉದ್ದ ಕಾಂಡ, ಮೊಗ್ಗು ಬಿಗಿ, ನೀರಿನಲ್ಲಿಟ್ಟರೆ ದಿನಗಟ್ಟಲೆ ಬಾಡದು. ಮೂಗಿಗೆ ಮಾತ್ರ ಏನೂ ಇಲ್ಲ. ಬಾಳಿಕೆಗೆ, ಬಣ್ಣಕ್ಕೆ, ಸಾಗಾಟಕ್ಕೆ ಎಂದು ತಳಿ ಆರಿಸುತ್ತ ಹೋದವರು ಪರಿಮಳವನ್ನು ದಾರಿಯಲ್ಲೇ ಇಳಿಸಿ ಬಂದಿದ್ದಾರೆ. ಪ್ರೇಮಿಗಳು ಅದನ್ನೇ ಎದೆಗೊತ್ತಿಕೊಂಡು ಆಳವಾಗಿ ಉಸಿರೆಳೆದುಕೊಳ್ಳುತ್ತಾರೆ. ಅಷ್ಟು ನಟನೆ ಬಂದರೆ ಮದುವೆ ಬಹುಶಃ ನಿಲ್ಲುತ್ತದೆ.

ಹಾಗಾದರೆ ಹಳೆಯದನ್ನು ತಿದ್ದಲೇಬಾರದೆ? ಈ ಪ್ರಶ್ನೆಯನ್ನು ಗುಮ್ಮಳಾಪುರದವನಿಗೆ ಕೇಳಬಾರದು, ಉತ್ತರ ಉದ್ದವಾಗುತ್ತದೆ. ‘ಶೂನ್ಯಸಂಪಾದನೆ’ ಎಂಬ ಗ್ರಂಥ ಕೇಳಿದ್ದೀರಿ. ಅಲ್ಲಮಪ್ರಭುವನ್ನು ನಡುವಿಗಿಟ್ಟು ಶರಣರ ವಚನಗಳನ್ನು ಸಂವಾದವಾಗಿ ಪೋಣಿಸಿದ್ದು. ಮೊದಲು ಪೋಣಿಸಿದವನು ಶಿವಗಣಪ್ರಸಾದಿ ಮಹಾದೇವಯ್ಯ. ಆಮೇಲೆ ಹಲಗೆಯಾರ್ಯ ತಿದ್ದಿದ. ಮೂರನೆಯ ಸಲ ತಿದ್ದಿದವನು ಗುಮ್ಮಳಾಪುರದ ಸಿದ್ಧಲಿಂಗಯತಿ. ನಾಲ್ಕನೆಯವನು ಗೂಳೂರ ಸಿದ್ಧವೀರಣ್ಣೊಡೆಯ. ಸಿದ್ಧರಾಮನ ಇಷ್ಟಲಿಂಗ ದೀಕ್ಷೆಯಂಥ ದೊಡ್ಡ ವಿಷಯದಲ್ಲೇ ಪಾಠಗಳು ಬೇರೆ ಬೇರೆ. ಹಿಂದಿನವನದು ಸರಿಯಿಲ್ಲ ಎನ್ನಿಸಿತು, ತಿದ್ದಿದರು. ಆದರೆ ತಿದ್ದಿದವನ ಹೆಸರು ತಿದ್ದುಪಡಿಯ ಮೇಲೆಯೇ ಇದೆ, ಹಿಂದಿನ ಪಾಠವೂ ಉಳಿದಿದೆ. ಐನೂರು ವರ್ಷಗಳ ಮೇಲೂ ಇದು ಹಲಗೆಯಾರ್ಯನದು, ಇದು ನಮ್ಮೂರಿನವನದು ಎಂದು ಪಕ್ಕಪಕ್ಕ ಇಟ್ಟು ಓದಬಹುದು. ತಾಳೆಗರಿಯ ಕಾಲದ ಯತಿಗಳಿಗೆ ಸಾಧ್ಯವಾದದ್ದು ಕಂಪ್ಯೂಟರಿನಲ್ಲಿ ಸೂತ್ರ ಇಟ್ಟುಕೊಂಡ ಕಂಪನಿಗೆ ಸಾಧ್ಯವಿಲ್ಲ. 1977ರ ಓಪಿಯಮ್ಮಿಗೂ ಇವತ್ತಿನದಕ್ಕೂ ಒಂದೇ ಹೆಸರು, ನಡುವೆ ಏನಾಯಿತೆಂದು ಪೆಟ್ಟಿಗೆಯ ಮೇಲೆ ಒಂದಕ್ಷರವಿಲ್ಲ.

ಈ ಮೌನದಿಂದ ಹೊಟ್ಟೆ ಹೊರೆಯುವವರು ಹಳೇ ಸೀಸೆಯ ವ್ಯಾಪಾರಿಗಳು. ಅರ್ಧ ಆವಿಯಾದ, ಮೇಲಿನ ನಿಂಬೆ ಕಿತ್ತಳೆಯ ವಾಸನೆಯೆಲ್ಲ ಕೆಟ್ಟ ಸೀಸೆಗೆ ರಸಿಕರು ಸಾವಿರಗಟ್ಟಲೆ ಸುರಿಯುತ್ತಾರೆ, ತಳದ ಬ್ಯಾಚ್ ನಂಬರನ್ನು ಜಾತಕದ ಹಾಗೆ ಓದುತ್ತಾರೆ. ಇವರಿಗಿಂತ ಹೊಸೂರು ಬಸ್ ನಿಲ್ದಾಣದ ಹೊರಗೆ ತಟ್ಟೆಯಲ್ಲಿ ಸೆಂಟು ಹೊತ್ತು ನಿಲ್ಲುವ ಹುಡುಗ ವಾಸಿ. ಕೈಗೆ ಒಂದು ಹನಿ ಹಚ್ಚಿ, ‘ಒರಿಜಿನಲ್ ಅಲ್ಲಣ್ಣ, ಅದರ ಥರಾನೇ ಇರುತ್ತೆ’ ಎಂದು ಮೂರು ಭಾಷೆಯಲ್ಲೂ ಹೇಳುತ್ತಾನೆ. ಆ ಒಂದು ವಾಕ್ಯ ಹೇಳುವ ಧೈರ್ಯ ಪ್ಯಾರಿಸ್ಸಿನ ಯಾವ ಗಾಜಿನ ಅಂಗಡಿಯಲ್ಲೂ ಕಾಣೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಪೆಟ್ಟಿಗೆಯ ಹಿಂದೆ ಬೆಲೆ, ಪ್ರಮಾಣ, ತಯಾರಿಕೆಯ ತಿಂಗಳು ಮುದ್ರಿಸುತ್ತೀರಲ್ಲ, ಅದರ ಕೆಳಗೆ ಇನ್ನೊಂದು ಸಾಲು ಹಾಕಿ: ಈ ಸೂತ್ರ ತಿದ್ದಿದ ವರ್ಷ ಯಾವುದು, ತಿದ್ದಿದವರು ಯಾರು, ತೆಗೆದದ್ದೇನು. ಜಾಗ ಸಾಲದಿದ್ದರೆ ಜಾಹೀರಾತಿನ ಹುಡುಗಿಯ ಫೋಟೊವನ್ನು ಸ್ವಲ್ಪ ಚಿಕ್ಕದು ಮಾಡಿ. ಓದುಗರೇ, ಅಲ್ಲಿಯತನಕ ಅಂಗಡಿಯವನು ಕಾಗದದ ಪಟ್ಟಿಗೆ ಚಿಮುಕಿಸಿ ಕೊಟ್ಟದ್ದನ್ನು ಮೂಸಿ ದುಡ್ಡು ಎಣಿಸಬೇಡಿ. ಕೈಗೆ ಹಾಕಿಸಿಕೊಳ್ಳಿ, ಹೊರಗೆ ಬನ್ನಿ, ಒಂದು ಲೋಟ ಟೀ ಕುಡಿಯಿರಿ. ಅಷ್ಟು ಹೊತ್ತಾದರೂ ಲವಂಗ ಬರದಿದ್ದರೆ, ಆ ಅಂಗಡಿಗೆ ವಾಪಸು ಹೋಗುವ ಅಗತ್ಯವಿಲ್ಲ.