ವಠಾರವಿಲ್ಲದ ಊರಿನಲ್ಲಿ ಗಣೇಶನ ಮದುವೆ

ನಮ್ಮ ಮನೆಯಲ್ಲಿ ‘ಗಣೇಶನ ಮದುವೆ’ ಎಷ್ಟು ಸಲ ಆಗಿದೆಯೋ ಲೆಕ್ಕವಿಲ್ಲ. ನಮ್ಮ ಮದುವೆ ಆದದ್ದು ಒಂದೇ ಸಲ; ಅದರ ವಿಡಿಯೋ ಹಾಕೋಣ ಎಂದರೆ ಸಾಕು, ಇವರು ಕನ್ನಡಕ ಹುಡುಕಲು ಹೋದವರು ಅರ್ಧ ಗಂಟೆ ಪತ್ತೆಯಿರುವುದಿಲ್ಲ. ಅದೇ ಅನಂತನಾಗ್ ಮದುವೆ ಎನ್ನಿ, ದೋಸೆ ತಟ್ಟೆ ಸಮೇತ ಸೋಫಾದಲ್ಲಿ ಹಾಜರ್!

ಕುವೈತಿನಲ್ಲಿ ಶುಕ್ರವಾರವೇ ನಮ್ಮ ಭಾನುವಾರ. ಬೇಸಿಗೆಯಲ್ಲಂತೂ ಹೊರಗೆ ಕಾಲಿಡುವ ಮಾತಿಲ್ಲ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ ಉಷ್ಣಾಂಶ 53.9 ಡಿಗ್ರಿ ಮುಟ್ಟಿತ್ತು. ಮರುದಿನ ಶುಕ್ರವಾರ. ನಾವು ಯಾವ ಸಿನಿಮಾ ನೋಡಿದೆವೆಂದು ಬೇರೆ ಹೇಳಬೇಕೆ?

ಫಣಿ ರಾಮಚಂದ್ರ 1990ರಲ್ಲಿ ತೆಗೆದ ಚಿತ್ರ. ಒಂದೇ ವಠಾರದಲ್ಲಿ ಗಣೇಶ, ಆದಿಲಕ್ಷ್ಮಿ. ಎದುರಾದರೆ ಹಾವು ಮುಂಗುಸಿ. ಆದರೆ ಗಣೇಶ ಬೇರೆ ಹೆಸರಿನಲ್ಲಿ ಕಾಗದ ಬರೆದು ಪ್ರೀತಿಸುತ್ತಿರುವ ಹುಡುಗಿ ಈ ಆದಿಲಕ್ಷ್ಮಿಯೇ, ಅವಳೂ ಬೇರೆ ಹೆಸರಿನವಳು! ಹೆಚ್ಚುಕಮ್ಮಿ ಇದೇ ಗಂಟನ್ನು ಲುಬಿಷ್ ಎಂಬ ನಿರ್ದೇಶಕ 1940ರಲ್ಲೇ ಹಾಲಿವುಡ್‌ನಲ್ಲಿ ಹಾಕಿದ್ದ. 1998ರಲ್ಲಿ ಅಲ್ಲಿಯವರು ಕಾಗದದ ಬದಲು ಇಮೇಲ್ ಇಟ್ಟು ಅದನ್ನೇ ಮತ್ತೆ ಹಾಕಿದರು. ಇರಲಿ, ಪಾಪ. ಅವರಿಗೆ ಮುಖ್ಯಮಂತ್ರಿ ಚಂದ್ರು ಸಿಕ್ಕಲಿಲ್ಲ. ನಾಟಕವೊಂದರಲ್ಲಿ ರಾಜ್ಯವನ್ನೇ ಆಳಿ ಆ ಹೆಸರು ಸಂಪಾದಿಸಿದ ಮನುಷ್ಯ ಇಲ್ಲಿ ರಮಣಮೂರ್ತಿಯಾಗಿ ಒಂದು ವಠಾರ ಆಳಲಾಗದೆ ಒದ್ದಾಡುವುದನ್ನು ನೋಡಿಯೇ ತೀರಬೇಕು.

ಇವರು ನೋಡುವುದು ಪ್ರೇಮಕ್ಕಾಗಿ, ವಿನಯಾ ಪ್ರಸಾದ್ ನಗುವಿಗಾಗಿ. ನಾನು ನೋಡುವುದು ಜಗಳಕ್ಕಾಗಿ. ಹನುಮಂತನಗರದ ವಠಾರದಲ್ಲಿ ಬೆಳೆದವಳು ನಾನು. ಆರು ಮನೆ, ಒಂದು ನಲ್ಲಿ. ಬೆಳಗಿನ ಜಾವ ಕೊಡ ಸರಿಸಿದ ಸದ್ದಿಗೇ ಯಾರ ಕೊಡ, ಯಾರು ಸರಿಸಿದ್ದು, ಈಗ ಯಾರು ಬಾಯಿ ತೆಗೆಯುತ್ತಾರೆ ಎಂದು ಹಾಸಿಗೆಯಲ್ಲೇ ಹೇಳುತ್ತಿದ್ದೆ. ಅಂಥವಳನ್ನು ತಂದು ಸಾಲ್ಮಿಯಾದ ಫ್ಲ್ಯಾಟಿನಲ್ಲಿಟ್ಟರೆ? ಸಮುದ್ರದ ನೀರನ್ನು ಬಟ್ಟಿ ಇಳಿಸಿ ಇಪ್ಪತ್ನಾಲ್ಕು ಗಂಟೆಯೂ ನಲ್ಲಿಗೆ ಬಿಡುವ ದೇಶದಲ್ಲಿ ಜಗಳಕ್ಕೆ ಬಂಡವಾಳವೆಲ್ಲಿ? ಲಿಫ್ಟಿನಲ್ಲಿ ಸಿರಿಯಾದವರು, ಕೇರಳದವರು, ಫಿಲಿಪೀನ್ಸಿನವರು, ಎಲ್ಲರೂ ನಗುತ್ತಾರೆ, ಸಲಾಂ ಹೇಳುತ್ತಾರೆ, ಇಳಿದು ಹೋಗುತ್ತಾರೆ. ಇಷ್ಟೊಂದು ಮರ್ಯಾದೆ ಮೈಗೆ ಒಗ್ಗುವುದಿಲ್ಲ. ಕಾಲು ಕೆರೆಯೋಣವೆಂದರೂ ಯಾವ ಭಾಷೆಯಲ್ಲಿ? ಪ್ರೀತಿ ಹೇಗೋ ಕೈಸನ್ನೆಯಲ್ಲಿ ನಡೆದೀತು. ಜಗಳಕ್ಕೆ ಮಾತೃಭಾಷೆಯೇ ಬೇಕು.

ಕಾಗದದ ಕಾಲದಲ್ಲಿ ಪ್ರೇಮಕ್ಕೂ ಇಲ್ಲಿ ಕಷ್ಟವೇ ಇತ್ತು ಅನ್ನಿ. ಮನೆಬಾಗಿಲಿಗೆ ಅಂಚೆಯಣ್ಣ ಬರುತ್ತಿರಲಿಲ್ಲ. ನಮ್ಮಂಥವರ ಕಾಗದಗಳೆಲ್ಲ ಬರುತ್ತಿದ್ದುದು ಕಂಪನಿಯ ಪೋಸ್ಟ್ ಬಾಕ್ಸ್‌ಗೆ. ಗಣೇಶ ಕುವೈತಿನಲ್ಲಿದ್ದಿದ್ದರೆ ಅವನ ಪ್ರೇಮಪತ್ರ ಮೊದಲು ಮುಟ್ಟುತ್ತಿದ್ದುದು ವೀಸಾ, ಇಕಾಮಾ ಎಂದು ಓಡಾಡುವ ಕಂಪನಿಯ ಮಂದೂಬನ ಕೈಗೆ. ಕಥೆ ಹತ್ತೇ ನಿಮಿಷದಲ್ಲಿ ಮುಗಿಯುತ್ತಿತ್ತು.

ಹೀಗಿರುವಾಗ ಮೇಲಿನ ಮನೆಗೆ ಯಾರೋ ಬಂದರು. ಮೊದಲ ಶುಕ್ರವಾರವೇ ಹನ್ನೊಂದು ಗಂಟೆಗೆ ತಲೆಯ ಮೇಲೆ ಕುಟ್ಟುವ ಸದ್ದು. ಡಬ್ ಡಬ್ ಡಬ್. ಆಮೇಲೆ ಅಡಿಗೆಮನೆಯ ಕಿಟಕಿಯಿಂದ ‘ಹಾಃ!’ ಎಂದು ಯಾರೋ ಉಸಿರೆಳೆದುಕೊಂಡ ಶಬ್ದ. ಮುಂದಿನ ಶುಕ್ರವಾರವೂ ಅಷ್ಟೇ. ನನ್ನ ಕಿವಿ ನೆಟ್ಟಗಾಯಿತು. ಹೀಗೆ ಕುಟ್ಟುವವರು ನಮ್ಮ ಕಡೆಯವರೇ! ಚಟ್ನಿಪುಡಿ ಇರಬೇಕು, ಒಣಮೆಣಸಿನ ಘಾಟಿಗೆ ಹಾಗೆ ಉಸಿರು ಎಳೆದಿರಬೇಕು. ಇಷ್ಟು ವರ್ಷಕ್ಕೆ ದೇವರು ಕಣ್ಣುಬಿಟ್ಟ. ಟಿವಿಯಲ್ಲಿ ಗಣೇಶ ಆದಿಲಕ್ಷ್ಮಿಗೆ ಏನೋ ಅನ್ನುತ್ತಿದ್ದ. ನಾನು ಸೆರಗು ಸಿಕ್ಕಿಸಿ ಎದ್ದೆ. “ಹಾರಿಸ್‌ಗೆ ಹೇಳಿದ್ರೆ ಸಾಕಲ್ವಾ ಮಾರಾಯ್ತಿ?” ಎಂದರು ಉಡುಪಿಯ ಇವರು. ಜಗಳವನ್ನು ವಾಚ್‌ಮನ್ ಕೈಲಿ ಆಡಿಸುವುದೇ? ಮೆಟ್ಟಿಲು ಹತ್ತುತ್ತಾ ಮೊದಲ ವಾಕ್ಯ ಮಸೆದುಕೊಂಡೆ: “ಏನ್ರೀ, ನಮ್ಮನೆ ಸೂರು ಕೆಳಗೆ ಬರ್ಲಿ ಅಂತ್ಲಾ?”

ಬಾಗಿಲು ತೆರೆದವರು ಈಜಿಪ್ಟಿನ ತಾಯಿ. ಕೈಯಲ್ಲಿ ಕಲ್ಲುಗುಂಡಿನಂಥ ಕುಟ್ಟಾಣಿ, ಮುಖದ ತುಂಬ ನಗು. ನನ್ನ ವಾಕ್ಯ ಗಂಟಲಲ್ಲೇ ಉಳಿಯಿತು. “ಇತ್‌ಫದ್ದಲಿ, ಇತ್‌ಫದ್ದಲಿ” ಎಂದು ಎಳೆದುಕೊಂಡೇ ಹೋದರು. ಒಲೆಯ ಮೇಲೆ ಮುಲೂಖಿಯಾ. ಸೊಪ್ಪಿನ ಆ ಸಾರಿಗೆ ಕುಟ್ಟಿದ ಬೆಳ್ಳುಳ್ಳಿ, ಕೊತ್ತಂಬರಿ ಬೀಜದ ಒಗ್ಗರಣೆ. ಸುರಿಯುವಾಗ ಅಡಿಗೆಯವಳು ‘ಹಾಃ’ ಎಂದು ಉಸಿರೆಳೆದುಕೊಳ್ಳದಿದ್ದರೆ ರುಚಿ ಹತ್ತುವುದಿಲ್ಲವೆಂದು ಅವರ ಕಡೆ ನಂಬಿಕೆ. ಹಜಾರದಲ್ಲಿದ್ದ ಮಗಳು ಇಂಗ್ಲಿಷಿನಲ್ಲಿ ಇದನ್ನು ವಿವರಿಸುವಾಗ ತಾಯಿ ಇನ್ನೊಮ್ಮೆ ಉಸಿರೆಳೆದು ತೋರಿಸಿದರು. ನಾನೂ ಎಳೆದೆ.

ಜಗಳಕ್ಕೆ ಹೋದವಳು ಬಟ್ಟಲು ಹಿಡಿದು ಬಂದೆ. ಇವರು ಒಂದು ಚಮಚ ಬಾಯಿಗಿಟ್ಟು, ಲೋಳೆ ಎಳೆಯನ್ನು ನೋಡಿ, “ಇದು ನಮ್ಮ ಬಸಳೆಯ ದಾಯಾದಿ” ಎಂದು ಬಟ್ಟಲನ್ನು ತಮ್ಮ ಕಡೆ ಸರಿಸಿಕೊಂಡರು. ಬಟ್ಟಲನ್ನು ಬರಿದಾಗಿ ಹಿಂತಿರುಗಿಸುವುದುಂಟೇ? ಕೋಡುಬಳೆ ಹಾಕಿ ಕಳಿಸಿದೆ. ಅದು ಖರ್ಜೂರದ ಬಿಸ್ಕತ್ತು ತುಂಬಿಕೊಂಡು ಇಳಿಯಿತು. ಹುಳಿಯನ್ನ ಹೊತ್ತು ಹತ್ತಿತು. ಬಟ್ಟಲು ಮೂಲತಃ ಯಾರದ್ದೆಂದು ಈಗ ಇಬ್ಬರಿಗೂ ನೆನಪಿಲ್ಲ.

ಹೋದ ಶುಕ್ರವಾರ ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಮೇಲೆ ಸದ್ದಿಲ್ಲ. ಇವರು ಎರಡು ಸಲ ಸೂರು ನೋಡಿದರು. ಕೊನೆಗೆ ಸಿನಿಮಾ ನಿಲ್ಲಿಸಿ, ರಮಣಮೂರ್ತಿಯವರ ಬಾಯಿ ತೆರೆದದ್ದು ತೆರೆದ ಹಾಗೇ ಇರುವಾಗ, ನನ್ನ ಕಡೆ ತಿರುಗಿದರು.

“ಇವತ್ತು ಕುಟ್ಟಿದ್ದೇ ಕೇಳಲಿಲ್ವಲ್ಲ. ಒಮ್ಮೆ ಹೋಗಿ ಜಗಳ ಮಾಡಿ ಬಾ ಮಾರಾಯ್ತಿ.”